ಪಾದ್ರಿ ಮೀನು ಸಾಕಿದ ಸಾಹೇಬರು

ಬಾಡಿಗೆಗೆ ಮನೆ ಕೇಳಿಕೊಂಡು ಹೋದವರನ್ನು ಬೆಂಗಳೂರಿನ ಮಾಲೀಕರು ಏನೇನು ಕೇಳುತ್ತಾರೆಂಬುದು ನನಗೆ ಬಾಯಿಪಾಠವಾಗಿತ್ತು. ಯಾವ ಜನ, ಮಾಂಸ ತಿನ್ನುತ್ತೀರಾ, ನೆಂಟರಿಷ್ಟರ ಓಡಾಟ ಹೇಗೆ, ನೀರು ಎಷ್ಟು ಸುರಿಯುತ್ತೀರಿ. ಬೆನ್ಸನ್ ಟೌನಿನ ಆ ಮನೆಯ ಸಾಹೇಬರು ಇದಾವುದನ್ನೂ ಕೇಳಲಿಲ್ಲ. ಮೆಟ್ಟಿಲ ಮೇಲೆ ನಿಂತು ನನ್ನನ್ನೂ ನಮ್ಮ ಯಜಮಾನರನ್ನೂ ಒಮ್ಮೆ ನೋಡಿ, "ಸೊಳ್ಳೆ ಔಷಧಿ ಹೊಡೀತೀರಾ?" ಎಂದರು.

"ಸೊಳ್ಳೆ ಇದ್ರೆ ಹೊಡೀಲೇಬೇಕಲ್ಲ ಸರ್," ಎಂದೆ ನಾನು.

"ಹಂಗಾದ್ರೆ ಮನೆ ಇಲ್ಲ. ಪರದೆ ಕಟ್ಕೊಳ್ತೀರಾ, ಮನೆ ನಿಮ್ದು."

ಪರದೆ ಕಟ್ಟಿಕೊಂಡೆವು. ನನ್ನ ಮಗಳು ಪ್ರೈಮರಿಯಿಂದ ಕಾಲೇಜು ಮುಟ್ಟುವವರೆಗೆ ಆ ಮನೆಯ ಮೇಲಂತಸ್ತಿನಲ್ಲಿ ಪರದೆಯೊಳಗೇ ಮಲಗಿದೆವು. ಆಮೇಲೆ ಕೆ.ಆರ್. ಪುರದಲ್ಲಿ ಸ್ವಂತ ಫ್ಲಾಟು ಕೊಂಡು ಹೋದೆವು, ಸೊಳ್ಳೆ ಔಷಧಿಯನ್ನು ಮನಸೋ ಇಚ್ಛೆ ಹೊಡೆದೆವು. ಹೋದ ತಿಂಗಳು ಸಾಹೇಬರು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಶಿವಾಜಿನಗರದ ಅವರ ಉಣ್ಣೆ ಅಂಗಡಿಯ ಬೋರ್ಡಿನ ಮೇಲೂ ಅವರ ಹೆಸರಿರಲಿಲ್ಲ, ಅವರ ಅಬ್ಬಾನ ಹೆಸರಿತ್ತು. ಅದನ್ನು ಬದಲಾಯಿಸಿ ಎಂದು ಹೇಳಿದವರನ್ನು ಅವರು ಅಂಗಡಿಯಿಂದ ಎಬ್ಬಿಸಿ ಕಳಿಸುತ್ತಿದ್ದರು.

ಸೊಳ್ಳೆ ಔಷಧಿಯ ಪ್ರಶ್ನೆಗೆ ಕಾರಣ ಕೆಳಗಿನ ಹಜಾರಕ್ಕೆ ಕಾಲಿಟ್ಟ ದಿನ ತಿಳಿಯಿತು. ಮೂರು ಗೋಡೆಗೂ ಕಬ್ಬಿಣದ ರ‍್ಯಾಕು, ರ‍್ಯಾಕಿನ ತುಂಬ ಬೂಟಿನ ಡಬ್ಬಿಗಿಂತ ಸ್ವಲ್ಪ ದೊಡ್ಡದಾದ ಗಾಜಿನ ತೊಟ್ಟಿಗಳು. ಔಷಧಿಯ ತುಂತುರು ಗಾಳಿಯಲ್ಲಿ ಬಂದು ನೀರಿಗೆ ಬಿದ್ದರೂ ಒಳಗಿನ ಮೀನು ಉಳಿಯುವುದಿಲ್ಲವಂತೆ. ಅವು ಕಿಲ್ಲಿ ಮೀನು. ಕಿರುಬೆರಳಿಗಿಂತ ಚಿಕ್ಕವು. ಮೂಲದಲ್ಲಿ ಆಫ್ರಿಕಾದ ಕಾಡಿನ ಸಣ್ಣ ತೊರೆಗಳಲ್ಲಿ, ಎಲೆ ಕೊಳೆತು ಕಂದಾದ ನೀರಿನಲ್ಲಿ ಇರುವಂಥವು. ನಾನು ಅಷ್ಟು ಚಂದದ ಮೀನನ್ನು ಅದಕ್ಕೆ ಮುಂಚೆ ನೋಡಿರಲಿಲ್ಲ. ನೀಲಿ ಮೈ, ಅದರ ಮೇಲೆ ಯಾರೋ ಕೂತು ಇಟ್ಟ ಹಾಗೆ ಕೆಂಪು ಚುಕ್ಕಿ, ಬಾಲದ ಅಂಚಿಗೆ ಹಳದಿ. ಬಣ್ಣವೆಲ್ಲ ಗಂಡಿಗೆ. ಹೆಣ್ಣು ಗೋಣಿಚೀಲದ ಬಣ್ಣ. ಯಾವ ಜಾತಿಯ ಕಿಲ್ಲಿಯಾದರೂ ಹೆಣ್ಣು ಅದೇ ಗೋಣಿಚೀಲ.

ನೀರಿಗೆ ಬಣ್ಣ ಬರಲೆಂದು ಸಾಹೇಬರು ಬೆಳಗಿನ ವಾಕಿಂಗಿನಲ್ಲಿ ರಿಚರ್ಡ್ಸ್ ಟೌನಿನ ಹಳೆ ಬಂಗಲೆಗಳ ಮುಂದೆ ಉದುರಿದ ಬಾದಾಮಿ ಎಲೆಗಳನ್ನು ಆರಿಸಿ ತರುತ್ತಿದ್ದರು. ಹಸಿರೆಲೆ ಬೇಡ, ಅರೆಹಳದಿ ಬೇಡ, ಇಸ್ತ್ರಿ ಮಾಡಿದ ಹಾಗೆ ಒಣಗಿದ್ದು ಬೇಕು. ತೊಳೆದು ತೊಟ್ಟಿಗೆ ಹಾಕಿದರೆ ಎರಡು ದಿನದಲ್ಲಿ ನೀರು ತೆಳು ಡಿಕಾಕ್ಷನ್ ಆಗುತ್ತಿತ್ತು. ಇಸ್ತ್ರಿ ಮಾಡಿದ ಶರ್ಟು, ಕರಾಕುಲ್ ಟೋಪಿ, ಕೈಯಲ್ಲೊಂದು ಕಸದ ಚೀಲ. ಗೊತ್ತಿಲ್ಲದವರು ಪಾಪ ಏನಾಯ್ತೋ ಎಂದು ನೋಡುತ್ತಿದ್ದರು. ಸಾಹೇಬರು ಅವರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಜಂಬದ ಮನುಷ್ಯ ಅವರು, ಸುಳ್ಳೇಕೆ ಹೇಳಲಿ.

ಮೊಟ್ಟೆ ಇಡಿಸುವುದಕ್ಕೆ ಅಂಗಡಿಯ ಉಣ್ಣೆಯೇ ಆಗುತ್ತಿತ್ತು. ಕಡುಹಸಿರು ಉಣ್ಣೆಯನ್ನು ಗೇಣುದ್ದ ಸುತ್ತಿ, ಒಂದು ತುದಿಗೆ ಬಾಟಲಿಯ ಬಿರಡೆ ಕಟ್ಟಿ, ಇನ್ನೊಂದು ತುದಿ ಕತ್ತರಿಸಿದರೆ ಕುಚ್ಚು. ಅದು ನೀರಿನಲ್ಲಿ ತೇಲುತ್ತಿದ್ದರೆ ಮೀನು ಅದನ್ನು ಗಿಡದ ಬೇರು ಎಂದು ತಿಳಿದು ಎಳೆಗಳ ನಡುವೆ ಮೊಟ್ಟೆ ಇಡುತ್ತದೆ. ಸಾಹೇಬರು ಕುಚ್ಚು ಎತ್ತಿ, ಮೆಲ್ಲಗೆ ಹಿಂಡಿ, ಕಿಟಕಿಯ ಬೆಳಕಿಗೆ ಹಿಡಿದು ಎಳೆ ಬಿಡಿಸುತ್ತ ಹೋಗುತ್ತಿದ್ದರು. ಗಸಗಸೆಯಷ್ಟು ಮೊಟ್ಟೆ, ಗಾಜಿನ ಹಾಗೆ. ಬೆರಳಲ್ಲೇ ತೆಗೆದು ಬಟ್ಟಲಿಗೆ ಹಾಕುವರು. ನನಗೆ ಭಯ, ಒಡೆದುಹೋಗುತ್ತದೆಂದು. "ಒಡೆಯಲ್ಲ ಟೀಚರಮ್ಮ, ಇದು ಕೋಳಿ ಮೊಟ್ಟೆ ಅಲ್ಲ," ಎನ್ನುವರು. "ಗಟ್ಟಿ ಇರ್ತದೆ. ಒಡೆದ್ರೆ ಅದು ಮೊದ್ಲೇ ಕೆಟ್ಟಿತ್ತು ಅಂತ ಲೆಕ್ಕ."

ಅವರ ಮನೆಯವರನ್ನು ನಾವೆಲ್ಲ ಆಪಾ ಎನ್ನುತ್ತಿದ್ದೆವು. ಆಪಾಗೆ ಮೀನೆಂದರೆ ಆಗದು. ಮೀನಿಗಿಂತ ಹೆಚ್ಚಾಗಿ ಮೀನಿನ ಊಟ ಆಗದು, ಏಕೆಂದರೆ ಅದು ತಾರಸಿಯ ಮೇಲೆ ಬಕೆಟ್ಟಿನಲ್ಲಿ ಬೆಳೆಯುತ್ತಿದ್ದ ಸೊಳ್ಳೆಮರಿ. ಒಮ್ಮೆ ಡೆಂಗ್ಯೂ ಎಂದು ಪಾಲಿಕೆಯ ಇಬ್ಬರು ಹೆಂಗಸರು ಮನೆಮನೆ ನೋಡುತ್ತ ಬಂದು, ಈ ಬಕೆಟ್ಟನ್ನು ಕಂಡು ಬಾಯಿ ಬಿಟ್ಟುಕೊಂಡು ನಿಂತರು. ಹೂವಿನ ಕುಂಡದ ತಟ್ಟೆಯಲ್ಲಿ ನಾಲ್ಕು ಹುಳ ಸಿಕ್ಕರೆ ಬೈಯುವವರು ಅವರು. ಇಲ್ಲಿ ಒಬ್ಬ ದೊಡ್ಡ ಮನುಷ್ಯ ಬೇಕೆಂದೇ ಸಾಕಿದ್ದಾನೆ.

"ಇವು ಸೊಳ್ಳೆ ಆಗಲ್ಲಮ್ಮ. ಅದಕ್ಕೆ ಮುಂಚೆ ಊಟ ಆಗ್ತವೆ," ಎಂದರು ಸಾಹೇಬರು ಗಂಭೀರವಾಗಿ.

"ಒಂದು ತಪ್ಪಿಸ್ಕೊಂಡ್ರೆ ಏನ್ ಸರ್ ಮಾಡ್ತೀರ?"

"ನಮ್ ಮನೇಲಿ ಯಾವುದೂ ತಪ್ಪಿಸ್ಕೊಳ್ಳಲ್ಲ."

"ಹೌ, ಮದುವೆ ಆದಾಗಿಂದ ನಾನೂ ನೋಡ್ತಾನೇ ಇದೀನಿ," ಎಂದು ಒಳಗಿನಿಂದ ಆಪಾ ಅಂದರು. ಪಾಲಿಕೆಯ ಹೆಂಗಸರು ನಕ್ಕುಬಿಟ್ಟರು. ಬಕೆಟ್ಟನ್ನು ಮಾತ್ರ ಮಗುಚಿ ಹೋದರು.

ನನಗೂ ಹುಚ್ಚು ಹಿಡಿಯಿತು. ಒಂದು ಜೊತೆ ಕೊಡಿ ಎಂದು ಕೇಳಿದೆ. ಮೊದಲು ತೊಟ್ಟಿ ಸಿದ್ಧ ಮಾಡಿ, ಆಮೇಲೆ ಮಾತು ಎಂದರು. ನಾನು ಶಿವಾಜಿನಗರಕ್ಕೆ ಹೋಗಿ ಗಾಜಿನ ತೊಟ್ಟಿ, ಬಣ್ಣದ ಕಲ್ಲು, ಬಾಯಿ ತೆರೆದು ಮುಚ್ಚುವ ಪ್ಲಾಸ್ಟಿಕ್ ಕಪ್ಪೆಚಿಪ್ಪು, ದೀಪ ಎಲ್ಲ ತಂದು ಜೋಡಿಸಿ ಅವರನ್ನು ಕರೆದೆ. ಮೇಲೆ ಬಂದು ನೋಡಿದರು. "ಇದೇನ್ ಟೀಚರಮ್ಮ, ಮದುವೆ ಛತ್ರಾನಾ?" ಎಂದರು. ಎಲ್ಲ ತೆಗೆಸಿದರು. ಕ್ಲೋರಿನ್ ಹೋಗಲೆಂದು ನಲ್ಲಿಯ ನೀರನ್ನು ಡ್ರಮ್ಮಿನಲ್ಲಿ ದಿನಗಟ್ಟಲೆ ಆರಲು ಬಿಡಿಸಿದರು. ತಳಕ್ಕೆ ಏನೂ ಇಲ್ಲ, ನಾಲ್ಕು ಬಾದಾಮಿ ಎಲೆ, ಒಂದು ಹಿಡಿ ಪಾಚಿ, ಗಾಳಿಗುಳ್ಳೆ ಬಿಡುವ ಸ್ಪಂಜು, ಒಂದು ಕುಚ್ಚು. ಆಮೇಲೆ ಮುಚ್ಚಳಕ್ಕೆ ಬಂದರು. ಕಿಲ್ಲಿ ಮೀನು ಹಾರುತ್ತದೆ, ಗಾಳಿಯ ಕೊಳವೆ ತೂರುವಷ್ಟು ಸಂದು ಸಿಕ್ಕರೂ ಹಾರಿ ನೆಲಕ್ಕೆ ಬಿದ್ದು ಒಣಗಿಹೋಗುತ್ತದೆ. ಆ ಸಂದಿಗೆ ಹತ್ತಿ ತುರುಕಿಸಿದ ಮೇಲೆಯೇ ಮೀನು ಕೊಟ್ಟದ್ದು. ಕೊಟ್ಟ ದಿನ ತೊಟ್ಟಿಯ ಮೇಲೆ ತಾವೇ ಚೀಟಿ ಅಂಟಿಸಿದರು. ಮೀನಿನ ಹೆಸರು, ಅದರ ಹಿರಿಯರನ್ನು ಹಿಡಿದ ತೊರೆಯ ಹೆಸರು.

"ಗಂಡು ತನ್ನ ಗುರುತು ತಾನೇ ಹೇಳ್ತದೆ ಟೀಚರಮ್ಮ. ಹೆಣ್ಣು ಹೇಳಲ್ಲ. ಅದು ಯಾವ ಮನೇದು ಅಂತ ಮನೆಯವರು ನೆನಪಿಟ್ಕೋಬೇಕು. ಒಂದ್ಸಲ ತಪ್ಪಿದ್ರೆ ಮುಗೀತು."

ಕಿಲ್ಲಿ ಸಾಕುವವರಿಗೆ ಇದೊಂದೇ ಧರ್ಮ. ಒಂದು ತೊರೆಯ ಮೀನನ್ನು ಇನ್ನೊಂದು ತೊರೆಯದರ ಜೊತೆ ಬೆರೆಸಬಾರದು. ಬೆರೆತಿದೆಯೇನೋ ಎಂಬ ಅನುಮಾನ ಬಂದರೂ ಆ ಮೀನನ್ನು ಯಾರಿಗೂ ಕೊಡುವಂತಿಲ್ಲ, ಅದರ ಮರಿ ಮಾಡುವಂತಿಲ್ಲ. ಭಾನುವಾರಗಳಲ್ಲಿ ಸಾಹೇಬರ ಹಜಾರಕ್ಕೆ ಇಂದಿರಾನಗರದ ಒಬ್ಬ ಹಲ್ಲಿನ ಡಾಕ್ಟರು, ಮಾರತ್ತಹಳ್ಳಿಯ ಒಬ್ಬ ಕಂಪ್ಯೂಟರ್ ಹುಡುಗ, ಹೀಗೆ ನಾಲ್ಕಾರು ಜನ ಸೇರುತ್ತಿದ್ದರು. ಅವರ ನಡುವೆ ಏನೇ ತಕರಾರು ಬರಲಿ, ಸಾಹೇಬರು "ಇದು ಪಕ್ಕಾ" ಎಂದರೆ ಅಲ್ಲಿಗೆ ಮಾತು ನಿಲ್ಲುತ್ತಿತ್ತು.

ಅವರಲ್ಲಿದ್ದ ಎಲ್ಲ ಮೀನಿಗಿಂತ ಹೆಚ್ಚಿನದು ಪಾದ್ರಿ ಮೀನು. ಅದರ ನಿಜವಾದ ಹೆಸರು ನನ್ನ ನಾಲಿಗೆಗೆ ಇವತ್ತಿಗೂ ಹೊರಳುವುದಿಲ್ಲ. ರಿಚರ್ಡ್ಸ್ ಟೌನಿನಲ್ಲಿದ್ದ ಒಬ್ಬ ಮುದಿ ಪಾದ್ರಿ ಸಾಹೇಬರಿಗೆ ಈ ವಿದ್ಯೆ ಕಲಿಸಿದವರು. ಸಾಯುವ ಮುಂಚೆ ತಮ್ಮ ಹತ್ತಿರ ಉಳಿದಿದ್ದ ಒಂದೇ ಜೊತೆಯನ್ನು ಇವರ ಕೈಗಿಟ್ಟು, "ಇದನ್ನು ಕಳೆಯಬೇಡ" ಎಂದರಂತೆ. ಸಾಹೇಬರು ಅದರ ಮರಿ, ಮರಿಯ ಮರಿ ಎಂದು ಇಪ್ಪತ್ತು ವರ್ಷಕ್ಕೂ ಮಿಗಿಲಾಗಿ ಆ ಸಂತಾನ ಕಾಯ್ದರು. ಕೇಳಿದವರಿಗೆಲ್ಲ ಕೊಟ್ಟರು, ಅವರ ಮನೆಗಳಲ್ಲಿ ಅದು ನಿಲ್ಲಲಿಲ್ಲ. ಅದರ ತೊರೆಯೇ ಈಗ ಹೂಳು ತುಂಬಿ ಹಾಳಾಗಿದೆ, ಅಲ್ಲಿಯೂ ಇರಲಾರದು ಎಂದು ಹಲ್ಲಿನ ಡಾಕ್ಟರು ಒಂದು ದಿನ ಹೇಳಿದರು. ಆವತ್ತಿನಿಂದ ಸಾಹೇಬರು ಊರು ಬಿಟ್ಟು ಒಂದು ರಾತ್ರಿಯೂ ಹೊರಗೆ ಉಳಿಯಲಿಲ್ಲ, ಮೈಸೂರಿನಲ್ಲಿರುವ ಮಗಳ ಮನೆಗೂ ಬೆಳಿಗ್ಗೆ ಹೋಗಿ ಸಂಜೆ ಬಂದರು.

ಅವರಿಗೆ ಒಂದೇ ಒಂದು ಭಯವಿತ್ತು. ಸಾವಿನದಲ್ಲ. ಅವರ ಅಬ್ಬಾಗೆ ಕೊನೆಗಾಲದಲ್ಲಿ ಮರೆವಿನ ಕಾಯಿಲೆ ಬಂದಿತ್ತಂತೆ. ಅಂಗಡಿಯ ಗಲ್ಲಾದಲ್ಲಿ ಕೂತ ಮಗನನ್ನೇ "ನೀನು ಯಾರು, ನನ್ನ ಜಾಗದಲ್ಲಿ ಕೂತಿದೀಯ" ಎಂದು ಎಬ್ಬಿಸುತ್ತಿದ್ದರಂತೆ. "ಹಂಗೆ ಬದುಕೋದು ನಕ್ಕೋ ಟೀಚರಮ್ಮ, ಬೇಡ," ಎಂದು ಎಷ್ಟೋ ಸಲ ಹೇಳಿದ್ದಾರೆ. "ಹಂಗೆ ಆಗಿದೆ ಅಂತ ಗೊತ್ತಾದ ದಿನಾನೇ ನನ್ನ ಎದೆ ನಿಂತೋಗ್ಲಿ."

ನಾವು ಮನೆ ಬಿಡುವ ಮುಂಚಿನ ವರ್ಷ. ಪಾದ್ರಿ ಮೀನಿನ ಒಂದು ತಂಡದ ಮರಿಗಳು ದೊಡ್ಡವಾಗಿ ಗಂಡುಗಳಿಗೆ ಬಣ್ಣ ಏರುವ ಸಮಯ. ನಾನು ಶಾಲೆಯಿಂದ ಬಂದಾಗ ಸಾಹೇಬರು ಆ ತೊಟ್ಟಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದರು. ನೋಡಿ ಎಂದರು. ನೋಡಿದೆ, ಚೆನ್ನಾಗಿಯೇ ಇದ್ದವು. "ಬಾಲದ ಅಂಚು ನೋಡಿ. ಪಾದ್ರಿ ಮೀನಿಗೆ ಅಲ್ಲಿ ಕೆಂಪು ಇಲ್ಲ," ಎಂದರು. ಪಕ್ಕದ ತೊಟ್ಟಿಯ ಇನ್ನೊಂದು ಜಾತಿಗೆ ಇತ್ತು. ಗಂಡಿನ ಕಾಟ ತಡೆಯಲಾರದ ಹೆಣ್ಣುಗಳನ್ನು ಆಗಾಗ ಬೇರೆ ಇಟ್ಟು, ಚೇತರಿಸಿಕೊಂಡ ಮೇಲೆ ಮತ್ತೆ ಬಿಡುವುದು ರೂಢಿ. ಹಾಗೆ ಬಿಡುವಾಗ ಯಾರೋ ತಪ್ಪು ತೊಟ್ಟಿಗೆ ಬಿಟ್ಟಿದ್ದಾರೆ. ತಿಂಗಳುಗಳ ಹಿಂದೆ. ಈಗ ತೊಟ್ಟಿಯಲ್ಲಿರುವ ಗೋಣಿ ಬಣ್ಣದ ಹೆಣ್ಣುಗಳಲ್ಲಿ ಯಾವುದು ಯಾವುದೆಂದು ಹೇಳುವುದು ದೇವರಿಗೂ ಸಾಧ್ಯವಿಲ್ಲ.

"ಯಾರು ಮಾಡಿದ್ದು ಇದು?" ಎಂದರು ಸಾಹೇಬರು. ಜೋರಾಗಿ ಅಲ್ಲ. ಹಣೆಯ ಮೇಲೆ ಕೈ ಇಟ್ಟುಕೊಂಡು ನೆನಪು ಮಾಡಿಕೊಳ್ಳುತ್ತಿದ್ದರು. ನನಗೆ ಅವರ ಮುಖ ನೋಡಲು ಆಗಲಿಲ್ಲ. ಆ ನೆನಪಿನ ಹಾದಿಯಲ್ಲಿ ಇನ್ನು ಎರಡು ಹೆಜ್ಜೆ ಹೋಗಿದ್ದರೆ ಅವರು ತಮ್ಮನ್ನೇ ಮುಟ್ಟುತ್ತಿದ್ದರು.

ಟೀ ತಂದ ಆಪಾ ಬಾಗಿಲಲ್ಲೇ ನಿಂತು, "ನಾನೇ," ಎಂದರು. "ನೀವು ನಮಾಜ಼ಿಗೆ ಹೋಗಿದ್ರಿ. ಮಗ್ಗಲ್ಲಿ ಮೀನು ಇತ್ತು. ಬಿಸಿಲು ಬೀಳ್ತಿದೆ ಅಂತ ತೊಟ್ಟಿಗೆ ಬಿಟ್ಟೆ."

ಸಾಹೇಬರು ನನ್ನ ಕಡೆ ತಿರುಗಿದರು. "ಟೀಚರಮ್ಮ, ನೀವು ನೋಡಿದ್ರಾ?"

"ನಾನು ನೋಡ್ಲಿಲ್ಲ ಸಾಹೇಬ್ರೆ," ಎಂದೆ. ಅದು ನಿಜವೇ ಆಗಿತ್ತು.

ಆಮೇಲೆ ಅಡುಗೆಮನೆಯಲ್ಲಿ ಆಪಾ ನನ್ನ ಕೈ ಹಿಡಿದುಕೊಂಡು ಅತ್ತರು. ಆ ತೊಟ್ಟಿಗಳನ್ನು ಅವರು ಜನ್ಮದಲ್ಲಿ ಮುಟ್ಟಿದವರಲ್ಲ. ಸಾಹೇಬರು ಮಗ್ಗು ಹಿಡಿದು ರ‍್ಯಾಕಿನ ಮುಂದೆ ಚೀಟಿಗಳನ್ನು ಓದಿದ್ದೇ ಓದುತ್ತ ನಿಂತಿದ್ದನ್ನು ಅವರು ಕಂಡಿದ್ದರು. ಹಾಲು ತರಲು ಹೋಗಿ ಬರಿಗೈಲಿ ಬಂದದ್ದು, ಮನೆಯ ದಾರಿ ತಿಳಿಯದೆ ಹೆದರಿಕೊಂಡು ಅಂಗಡಿಯಿಂದ ಆಟೋದಲ್ಲಿ ಬಂದದ್ದು, ಎಲ್ಲ ಅವರಿಗೆ ಗೊತ್ತಿತ್ತು. "ನನ್ನ ಮೇಲೆ ಸಿಟ್ಟು ಮಾಡ್ಕೊಳ್ಳಲಿ ಟೀಚರ್. ತನ್ನ ಮೇಲೆ ತಾನೇ ಅನುಮಾನ ಪಟ್ರೆ ಅವತ್ತೇ ಸಾಯ್ತಾರೆ," ಎಂದರು.

ಸಾಹೇಬರು ಸಿಟ್ಟು ಮಾಡಲಿಲ್ಲ. ಇಡೀ ದಿನ ಕುಳಿತು ಒಬ್ಬೊಬ್ಬರಿಗೂ ಫೋನು ಮಾಡಿದರು. "ನಮ್ಮಿಂದ ತಪ್ಪಾಗಿದೆ. ನಾನು ಈ ಸಲ ಕೊಟ್ಟ ಪಾದ್ರಿ ಮೊಟ್ಟೆ ಪಕ್ಕಾ ಅಲ್ಲ. ಮರಿ ಮಾಡ್ಬೇಡಿ." ಹೆಂಡತಿಯ ಹೆಸರು ಒಮ್ಮೆಯೂ ಎತ್ತಲಿಲ್ಲ. ಕೆಂಪು ಅಂಚಿನವನ್ನು ಆರಿಸಿ ತೆಗೆದು ಉಳಿದದ್ದನ್ನು ಮುಂದುವರಿಸಿ ಸರ್, ನೋಡಿದವರಿಗೆ ಏನು ಗೊತ್ತಾಗುತ್ತೆ ಎಂದು ಮಾರತ್ತಹಳ್ಳಿಯ ಹುಡುಗ ಸಮಾಧಾನ ಹೇಳಿದ. "ನನಗೆ ಗೊತ್ತಲ್ಲಪ್ಪ," ಎಂದು ಫೋನಿಟ್ಟರು. ಎದ್ದು ಹೋಗಿ ಪಾದ್ರಿ ಮೀನಿನ ತೊಟ್ಟಿಯಿಂದ ಕುಚ್ಚನ್ನು ತೆಗೆದರು. ಮೀನುಗಳಿಗೆ ಊಟ ಹಾಕಿದರು, ನೀರು ಬದಲಾಯಿಸಿದರು, ಮೊಟ್ಟೆ ಇಡುವ ಜಾಗ ಮಾತ್ರ ಕೊಡಲಿಲ್ಲ. ಹೆಣ್ಣುಗಳು ತೊಟ್ಟಿಯ ಮೂಲೆಮೂಲೆ ತಡಕುತ್ತಿದ್ದವು. ಒಂದೊಂದಾಗಿ ಮುದಿಯಾಗಿ ಸತ್ತವು. ಕೊನೆಯದು ಸತ್ತ ದಿನ ಸಾಹೇಬರು ಊಟ ಮಾಡಲಿಲ್ಲ. ಅಷ್ಟು ಜಂಬದ ಮನುಷ್ಯ ಆವತ್ತು ನನ್ನ ಮುಂದೆಯೇ ಕಣ್ಣೊರೆಸಿಕೊಂಡರು. ನನಗೂ ಅಳು ಬಂತು.

ಆದರೆ ಅವರ ತಲೆಯಲ್ಲಿ ಇನ್ನೊಂದು ಚಿಂತೆ ಹೊಕ್ಕಿತ್ತು. ಯಾವತ್ತೂ ತೊಟ್ಟಿ ಮುಟ್ಟದವಳು ಏಕೆ ಮುಟ್ಟಿದಳು, ಚೀಟಿ ಏಕೆ ಓದಲಿಲ್ಲ? ಆಪಾಗೆ ಮರೆವು ಶುರುವಾಗಿದೆ ಎಂದು ಅವರು ತೀರ್ಮಾನಿಸಿದರು. ಮೈಸೂರಿಗೆ ಫೋನು ಮಾಡಿ, "ನಿಮ್ಮ ಅಮ್ಮೀಗೆ ನೆನಪು ಕಮ್ಮಿ ಆಗ್ತಿದೆ, ಅವಳಿಗೆ ಹೇಳ್ಬೇಡ, ನೊಂದ್ಕೊಳ್ತಾಳೆ," ಎಂದರು. ಎಲ್ಲ ತಿಳಿದಿದ್ದ ಮಗಳು ಆ ಕಡೆಯಿಂದ, "ಹೌ ಅಬ್ಬಾ, ನೀವೇ ನೋಡ್ಕೊಳ್ಳಿ," ಎಂದಳಂತೆ.

ಅವರು ನೋಡಿಕೊಂಡರು. ಆಪಾನನ್ನು ತಾವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಇಬ್ಬರನ್ನೂ ಮಾತಾಡಿಸಿ, ಆಪಾ ಮಾಡಿದ ಕಣ್ಸನ್ನೆ ಅರ್ಥಮಾಡಿಕೊಂಡು, ಇಬ್ಬರಿಗೂ ಮಾತ್ರೆ ಬರೆದರು. ಸಾಹೇಬರಿಗೆ ನಿಜವಾದದ್ದು, ಆಪಾಗೆ ಸುಣ್ಣದ ಅಂಶದ್ದು. "ಅವಳೊಬ್ಬಳೇ ಆದ್ರೆ ತಿನ್ನಲ್ಲ ಟೀಚರಮ್ಮ. ಜೊತೆಗೆ ನಾನೂ ತಿಂತೀನಿ," ಎಂದು ನನಗೆ ಗುಟ್ಟಾಗಿ ಹೇಳಿದರು. ರಸ್ತೆ ದಾಟುವಾಗ ಆಪಾನ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದರು. ಹಿಂದಿನಿಂದ ಬರುತ್ತಿದ್ದ ನನಗೆ ಕಾಣುತ್ತಿತ್ತು, ಹಿಡಿದವರು ಅವರು, ತಿರುವಿನಲ್ಲಿ ತಿರುಗಿಸುತ್ತಿದ್ದವರು ಆಪಾ. ಅಡುಗೆಮನೆಯ ಡಬ್ಬಿಗಳಿಗೆಲ್ಲ ತೊಟ್ಟಿಗೆ ಅಂಟಿಸುವ ಚೀಟಿಗಳನ್ನೇ ಅಂಟಿಸಿದರು, ಉರ್ದುವಿನಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು. ಸಕ್ಕರೆಯ ಡಬ್ಬಿಗೆ ಉಪ್ಪು ಎಂದು ಅಂಟಿತು, ಉಪ್ಪಿನದಕ್ಕೆ ಸಕ್ಕರೆ ಎಂದು. ಆಪಾ ಚೀಟಿ ಕೀಳಲಿಲ್ಲ. ಸಾಹೇಬರು ಅಂಗಡಿಗೆ ಹೋದ ಹೊತ್ತಿನಲ್ಲಿ ಒಳಗಿನ ಸಕ್ಕರೆ ಉಪ್ಪುಗಳನ್ನೇ ಅದಲುಬದಲು ಮಾಡಿದರು. ನಾನು ಇಂಥ ಸಂಸಾರ ಇನ್ನೊಂದು ಕಂಡಿಲ್ಲ.

ನಾವು ಕೆ.ಆರ್. ಪುರಕ್ಕೆ ಹೋದ ಮೇಲೂ ಮೆಟ್ರೋ ಹತ್ತಿ ಆಗಾಗ ಹೋಗಿ ಬರುತ್ತಿದ್ದೆ. ಒಂದು ಸಲ ಹೋದಾಗ ಅಂಗಡಿ ಮುಚ್ಚಿತ್ತು, ಇನ್ನೊಂದು ಸಲ ಹೋದಾಗ ರ‍್ಯಾಕು ಖಾಲಿಯಾಗಿತ್ತು. ಉಳಿದ ಮೀನುಗಳನ್ನು ಹಲ್ಲಿನ ಡಾಕ್ಟರು ಒಯ್ದಿದ್ದರು. ಸಾಹೇಬರು ನನ್ನನ್ನು ಗುರುತಿಸಿದರೋ ಇಲ್ಲವೋ, ಮರ್ಯಾದೆಗೆ ನಗುತ್ತಿದ್ದರು. ಎದ್ದು ಬರುವಾಗ ಬಾಗಿಲವರೆಗೆ ಬಂದು, "ಅವಳನ್ನ ಸ್ವಲ್ಪ ನೋಡ್ಕೊಳ್ಳಿ. ಒಳ್ಳೇವಳು. ಮರೀತಾಳೆ, ಅಷ್ಟೇ," ಎನ್ನುತ್ತಿದ್ದರು.

ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಗಂಡಸರು ಖಬರಸ್ತಾನಕ್ಕೆ ಹೊರಟುಹೋಗಿದ್ದರು. ಹಜಾರದಲ್ಲಿ ಹೆಂಗಸರ ನಡುವೆ ಆಪಾ ಕೂತಿದ್ದರು. ಪಕ್ಕ ಕೂರಿಸಿಕೊಂಡು ಮೆಲ್ಲಗೆ ಮಾತಾಡಿದರು.

"ಆಸ್ಪತ್ರೇಲಿ ನನ್ನ ಹೆಸರು ಹೋಗ್ಬಿಟ್ಟಿತ್ತು ಟೀಚರ್. ಹೆಂಡತಿ ಅನ್ನೋದೂ ಹೋಗಿತ್ತು. ಆದ್ರೆ ಈ ಹೆಂಗಸಿಗೆ ಮರೆವು ಇದೆ ಅನ್ನೋದು ಹೋಗಿರ್ಲಿಲ್ಲ. ಸಂಜೆ ಆದ್ರೆ ಸಾಕು, ನರ್ಸನ್ನ ಕರೆಯೋರು. 'ಈಯಮ್ಮನ್ನ ಮನೆಗೆ ಬಿಟ್ಟು ಬನ್ನಿ. ಪಾಪ, ದಾರಿ ಗೊತ್ತಾಗಲ್ಲ. ಮನೇಲಿ ಗಂಡ ಕಾಯ್ತಿರ್ತಾನೆ' ಅಂತ."

"ನೀವೇನು ಮಾಡ್ತಿದ್ರಿ ಆಪಾ?"

"ಏಳೋ ತನಕ ಬಿಡ್ತಿರ್ಲಿಲ್ಲ. ಎದ್ದು ಹೊರಗೆ ಹೋಗ್ತಿದ್ದೆ. ವರಾಂಡದಲ್ಲಿ ಒಂಚೂರು ನಿಂತಿದ್ದು ತಿರ್ಗ ಒಳಗೆ ಬರ್ತಿದ್ದೆ. ನನ್ನ ನೋಡಿ, 'ಮನೆ ಸಿಕ್ತಾ?' ಅಂತ ಕೇಳೋರು."

ಆಪಾ ಸೆರಗಿನಿಂದ ಮುಖ ಒರೆಸಿಕೊಂಡರು.

"ಸಿಕ್ತು ಅಂತ ಪಕ್ಕದಲ್ಲಿ ಕೂತ್ಕೊಳ್ತಿದ್ದೆ."